ಅರ್ಧ ಸೆಕೆಂಡಿನಲ್ಲಿ ರಾಗ ಎಲ್ಲಿಂದ ಬರಬೇಕು?

ಹಳೇ ಹಾಡಿನ ಒಂದು ಚೂರು ಕೇಳಿಸಿ, ಯಾವ ಹಾಡು ಹೇಳಿ ಅನ್ನುವ ಆಟ ನಿಮಗೂ ಗೊತ್ತಿರುತ್ತದೆ. 'ಟಣ್' ಅನ್ನುವಷ್ಟರಲ್ಲಿ ಯಾರೋ ಒಬ್ಬರು ಹಾಡಿನ ಹೆಸರು ಕೂಗಿಬಿಡುತ್ತಾರೆ. ತಕ್ಷಣ ಅಕ್ಕಪಕ್ಕದಲ್ಲಿ ಶುರು: 'ಅವರಿಗೆ ರಾಗಜ್ಞಾನ ಇದೆ', 'ಸರಸ್ವತಿ ಒಲಿದಿದ್ದಾಳೆ', 'ಅದೆಲ್ಲ ಹುಟ್ಟಿನಿಂದ ಬರಬೇಕು ಕಣ್ರೀ'. ಇದನ್ನು ಕೇಳಿದರೆ ನನಗೆ ಸುಮ್ನೆ ಕೂರಲು ಆಗುವುದಿಲ್ಲ. ನಿಮಿಷಕ್ಕೆ 120 ಬಡಿತ ಇರುವ ಹಾಡಿನಲ್ಲಿ ಒಂದು ಬಡಿತಕ್ಕೇ ಅರ್ಧ ಸೆಕೆಂಡು ಬೇಕು. ಅಷ್ಟರಲ್ಲಿ ಸಿಗುವುದು ಒಂದೋ ಎರಡೋ ಸ್ವರ. ಅದರಲ್ಲಿ ರಾಗವೂ ಇಲ್ಲ, ಸಾಹಿತ್ಯವೂ ಇಲ್ಲ. ಆದರೂ ಗುರುತು ಸಿಗುತ್ತದೆ, ಸಂಗೀತ ಕಲಿಯದವರಿಗೂ ಸಿಗುತ್ತದೆ.

ಎಷ್ಟು ಚಿಕ್ಕ ಚೂರು ಸಾಕು? 1999ರಲ್ಲಿ ಮನೋವಿಜ್ಞಾನಿ ಗ್ಲೆನ್ ಷೆಲೆನ್‌ಬರ್ಗ್ ಮತ್ತು ಜೊತೆಗಾರರು ಆಗಿನ ಜನಪ್ರಿಯ ಹಾಡುಗಳನ್ನು ಕತ್ತರಿಸಿ, 200 ಮತ್ತು 100 ಮಿಲಿಸೆಕೆಂಡಿನ ಚೂರು ಮಾಡಿ ಜನರಿಗೆ ಕೇಳಿಸಿದರು. ಹಾಡುಗಳ ಪಟ್ಟಿ ಮುಂದೆ ಇತ್ತು, ಹೊಂದಿಸಿದರೆ ಸಾಕಿತ್ತು. 200ರಲ್ಲಿ ಚೆನ್ನಾಗಿ ಹೊಂದಿಸಿದರು. 100ರಲ್ಲಿ ತಡವರಿಸಿದರೂ ಕುರುಡು ಊಹೆಗಿಂತ ಜಾಸ್ತಿಯೇ ಸರಿಯಾಯಿತು. ಸೆಕೆಂಡಿನ ಹತ್ತನೇ ಒಂದು ಭಾಗ! 2010ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಕ್ಯಾರಲ್ ಕ್ರುಮ್‌ಹ್ಯಾನ್ಸಲ್ ಪಟ್ಟಿ ಕೊಡದೆಯೇ 400 ಮಿಲಿಸೆಕೆಂಡಿನ ಚೂರು ಕೇಳಿಸಿದರು. ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಸಲ ಹಾಡು, ಹಾಡಿದವರು ಎರಡೂ ಸರಿಯಾಗಿ ಬಂತು. ನನಗೆ ಅದಕ್ಕಿಂತ ಇಷ್ಟವಾದದ್ದು ಇನ್ನೊಂದು ವಿಷಯ. ಹಾಡಿನ ಹೆಸರು ಹೊಳೆಯದವರು ಕೂಡ ಅದು ಯಾವ ದಶಕದ್ದು, ಯಾವ ಶೈಲಿಯದು ಅಂತ ಸುಮಾರಾಗಿ ಹೇಳಬಲ್ಲವರಾಗಿದ್ದರು.

ನಮ್ಮಲ್ಲೂ ಹಾಗೇ ಅಲ್ವಾ? ರಾಜ್‌ಕುಮಾರ್ ಚಿತ್ರದ ಹಾಡು ಅಂತ ಗೊತ್ತಿದ್ದು, ಪಿ.ಬಿ. ಶ್ರೀನಿವಾಸ್ ದನಿಯ ಒಂದು 'ಆ' ಕಿವಿಗೆ ಬಿದ್ದರೆ ಸಾಕು, ಹೆಚ್ಚುಕಮ್ಮಿ 1974ಕ್ಕಿಂತ ಹಿಂದಿನದು ಅಂತ ಗೊತ್ತಾಗುತ್ತದೆ. ಆ ವರ್ಷ 'ಸಂಪತ್ತಿಗೆ ಸವಾಲ್'ಗೆ ರಾಜ್‌ಕುಮಾರ್ ಹಾಡಿದ ಮೇಲೆ ತಮ್ಮ ಚಿತ್ರಗಳಿಗೆ ಬಹುಪಾಲು ತಾವೇ ದನಿಯಾದರು. ಎಲೆಕ್ಟ್ರಾನಿಕ್ ಡ್ರಮ್ಮಿನ ಒಂದೇ ಏಟು 80ರ ದಶಕ ಅನ್ನುತ್ತದೆ. ಹೆಸರು ನೆನಪಾಗುವ ಮೊದಲೇ ಕಾಲ ನೆನಪಾಗಿರುತ್ತದೆ.

ಹಾಗಾದರೆ ಕಿವಿ ಹಿಡಿಯುವುದು ಏನನ್ನು? ನಾದದ ಬಣ್ಣವನ್ನು. ಒಂದೇ ಷಡ್ಜವನ್ನು ವೀಣೆ, ಕೊಳಲು, ಪಿಟೀಲು ಮೂರರಲ್ಲೂ ನುಡಿಸಿ, ಮೂರೂ ಬೇರೆ ಕೇಳಿಸುತ್ತವೆ. ಮುಖ್ಯ ಕಂಪನದ ಜೊತೆ ಅದರ ಎರಡು ಪಟ್ಟು, ಮೂರು ಪಟ್ಟು ವೇಗದ ಉಪಸ್ವರಗಳೂ ಏಳುತ್ತವೆ. ಯಾವುದು ಎಷ್ಟು ಜೋರು ಅನ್ನುವುದು ಒಂದೊಂದು ವಾದ್ಯದಲ್ಲಿ ಒಂದೊಂದು ಥರ. 1863ರಲ್ಲೇ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಇದನ್ನು ದೊಡ್ಡ ಪುಸ್ತಕ ಬರೆದು ವಿವರಿಸಿದ್ದರು.

ಇಲ್ಲಿ ನಮ್ಮ ಸಿ.ವಿ. ರಾಮನ್ ಅವರನ್ನು ಬಿಟ್ಟು ಮುಂದೆ ಹೋಗಲು ಮನಸ್ಸಿಲ್ಲ. ಸಾಮಾನ್ಯ ಚರ್ಮವಾದ್ಯ ಹೊಡೆದರೆ ಏಳುವ ಉಪಸ್ವರಗಳು 1.59 ಪಟ್ಟು, 2.14 ಪಟ್ಟು ಹೀಗೆ ಅಡ್ಡಾದಿಡ್ಡಿ. ಅದಕ್ಕೇ ಅದು ಬರೀ 'ಡಬ್' ಅನ್ನುತ್ತದೆ. ಮೃದಂಗಕ್ಕೆ ಮಾತ್ರ ಶ್ರುತಿ ಇದೆ, ಯಾಕೆ? ಬಲಗಡೆ ಮೆತ್ತುವ ಕಪ್ಪು ಕರಣೆ. ಅದರ ತೂಕ ಉಪಸ್ವರಗಳನ್ನು ಎಳೆದು ತಂದು 2, 3, 4, 5 ಪಟ್ಟಿನ ಸಾಲಿನಲ್ಲಿ ನಿಲ್ಲಿಸುತ್ತದೆ. ರಾಮನ್ ಮತ್ತು ಶಿವಕಾಳಿ ಕುಮಾರ್ ಇದನ್ನು 1920ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದರು. ಬೆಂಗಳೂರಿಗೆ ಬಂದ ಮೇಲೆ ರಾಮನ್ ತಾವೇ ಕಟ್ಟಿದ ವಿಜ್ಞಾನ ಅಕಾಡೆಮಿಯ ಪತ್ರಿಕೆಯ ಮೊದಲ ಸಂಪುಟದಲ್ಲೇ ಮತ್ತೆ ಇದೇ ವಿಷಯಕ್ಕೆ ಕೈ ಹಾಕಿದರು. ಬೆಳಕಿನ ರಾಮನ್ ಎಲ್ಲರಿಗೂ ಗೊತ್ತು, ಈ ಮೃದಂಗದ ರಾಮನ್ ಶಾಲೆಯ ಪುಸ್ತಕದಲ್ಲಿ ಯಾಕೋ ಕಾಣುವುದಿಲ್ಲ.

ಆದರೆ ಬಣ್ಣ ಅಂದುಬಿಟ್ಟರೆ ಅರ್ಧ ಕಥೆ ಅಷ್ಟೇ. ಷೆಲೆನ್‌ಬರ್ಗ್ ಅದೇ 100 ಮಿಲಿಸೆಕೆಂಡಿನ ಚೂರುಗಳನ್ನು ತಿರುಗುಮುರುಗಾಗಿ ಕೇಳಿಸಿದರು. ಅವೇ ಸ್ವರಗಳು, ಅವೇ ಉಪಸ್ವರಗಳು, ಸರಾಸರಿ ತೆಗೆದರೆ ಒಂದು ಕೂದಲೆಳೆ ವ್ಯತ್ಯಾಸ ಇಲ್ಲ. ಜನರ ಉತ್ತರ ಮಾತ್ರ ಬರೀ ಊಹೆಯ ಮಟ್ಟಕ್ಕೆ ಕುಸಿಯಿತು! ಅಂದರೆ ಬಣ್ಣ ಇದ್ದರೆ ಸಾಲದು, ಆ ಚೂರು ಹೊತ್ತಿನಲ್ಲಿ ಅದು ಹೇಗೆ ಬದಲಾಗುತ್ತದೆ ಅನ್ನುವುದನ್ನು ಕಿವಿ ಹಿಂಬಾಲಿಸುತ್ತದೆ. ತಂತಿ ಮೀಟಿದಾಗ ಮೊದಲು ಉಗುರಿನ ಸದ್ದು, ಆಮೇಲೆ ಮೇಲಿನ ಉಪಸ್ವರಗಳ ಮಿಂಚು, ಅವು ಬೇಗ ಆರಿ ಕೆಳಗಿನವು ಉಳಿಯುತ್ತವೆ. ಈ ಕ್ರಮವೇ ವಾದ್ಯದ ಗುರುತು. ಪಿಯಾನೊ ಧ್ವನಿಮುದ್ರಣ ಹಿಂದುಮುಂದು ಮಾಡಿ ಕೇಳಿ, ಹಾರ್ಮೋನಿಯಂ ಥರ ಕೇಳುತ್ತದೆ. ಫ್ರಾನ್ಸಿನ ಸಂಗೀತ ಸಂಯೋಜಕ ಪಿಯರ್ ಶೆಫರ್ 1948ರಲ್ಲಿ ಗಂಟೆಯ ನಾದದಿಂದ ಬಡಿತದ ಕ್ಷಣವನ್ನು ಕತ್ತರಿಸಿ ತೆಗೆದಾಗ, ಉಳಿದದ್ದು ಗಂಟೆಯಂತೆಯೇ ಇರಲಿಲ್ಲ. ಮೇಲಿನ ಕಂಪನಗಳನ್ನು ಸೋಸಿ ತೆಗೆದಾಗಲೂ ಷೆಲೆನ್‌ಬರ್ಗ್ ಅವರ ಕೇಳುಗರು ಸೋತರು. ಕೆಳಗಿನವನ್ನು ತೆಗೆದರೆ ಏನೂ ಆಗಲಿಲ್ಲ. ಗುರುತು ಇರುವುದು ಜಾಸ್ತಿ ಮೇಲಿನ ಮಿಂಚಿನಲ್ಲೇ.

ಇದರಿಂದ ಇನ್ನೊಂದು ತಮಾಷೆ ಹೊರಡುತ್ತದೆ. ಇಷ್ಟು ಚಿಕ್ಕ ಚೂರಿನಿಂದ ನಾವು ಗುರುತಿಸುವುದು ಹಾಡನ್ನಲ್ಲ, ಧ್ವನಿಮುದ್ರಣವನ್ನು. ಆ ದಿನ, ಆ ಮೈಕು, ಆ ಗಾಯಕ. ಅದೇ ಹಾಡನ್ನು ಊರಿನ ಆರ್ಕೆಸ್ಟ್ರಾ ಅದೇ ಶ್ರುತಿಯಲ್ಲಿ ನುಡಿಸಿ ಕಾಲು ಸೆಕೆಂಡು ಕೇಳಿಸಲಿ, ಚಾಂಪಿಯನ್ನರೂ ತಲೆ ಕೆರೆದುಕೊಳ್ಳುತ್ತಾರೆ. ಕೇಳುತ್ತಿರುವ ಹಾಡು ಯಾವುದು ಅಂತ ಫೋನಿನಲ್ಲಿ ಹೇಳುವ ಶಜಾಮ್ ಕೂಡ ಹೀಗೇ. 2002ರಲ್ಲಿ ಬ್ರಿಟನ್ನಿನಲ್ಲಿ ಶುರುವಾದಾಗ ಫೋನಿನ ನಡುವಿನ ಸಾಲು 2580 ಒತ್ತಿ, ಹಾಡಿನತ್ತ ಹಿಡಿದರೆ ಹೆಸರು ಎಸ್ಸೆಮ್ಮೆಸ್ಸಿನಲ್ಲಿ ಬರುತ್ತಿತ್ತು. ಅದು ಧ್ವನಿಯಲ್ಲಿ ಎದ್ದು ಕಾಣುವ ಶಿಖರಗಳನ್ನು ಹೆಕ್ಕಿ, ಎರಡು ಶಿಖರಗಳ ನಡುವಿನ ಕಾಲದ ಅಂತರವನ್ನು ತನ್ನ ಪಟ್ಟಿಗೆ ಹೋಲಿಸುತ್ತದೆ. ನೀವೇ ಹಾಡಿದರೆ ಅದಕ್ಕೆ ತಲೆಬುಡ ತಿಳಿಯುವುದಿಲ್ಲ, ಮುದ್ರಣ ಅದೇ ಆಗಿರಬೇಕು. ಆದರೆ ಅದಕ್ಕೆ ಕೆಲವು ಸೆಕೆಂಡು ಬೇಕು.

ನಮಗೆ ಅಷ್ಟು ಹೊತ್ತೂ ಬೇಡ. 2019ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು ಕಣ್ಣಿನ ಪಾಪೆ ಅಳೆದರು. ಪರಿಚಿತ ಹಾಡು ಶುರುವಾದ 100ರಿಂದ 300 ಮಿಲಿಸೆಕೆಂಡಿನೊಳಗೆ ಪಾಪೆ ಹಿಗ್ಗುತ್ತಿತ್ತು. ಪರೀಕ್ಷೆಗೆ ಕೂತವರು 10 ಮಂದಿ ಮಾತ್ರ, ಹಾಗಾಗಿ ಆ ಅಂಕಿಯನ್ನು ತೀರಾ ಗಟ್ಟಿಯಾಗಿ ಹಿಡಿಯಬೇಡಿ.

ಸರಸ್ವತಿಯ ಪಾಲಿಗೆ ಏನೂ ಉಳಿಯಲಿಲ್ಲವಾ ಅಂದರೆ, ಈ ಆಟದ ಮಟ್ಟಿಗೆ ಕಮ್ಮಿಯೇ. 1994ರಲ್ಲಿ ಮನೋವಿಜ್ಞಾನಿ ಡೇನಿಯಲ್ ಲೆವಿಟಿನ್ ಸಾಮಾನ್ಯ ವಿದ್ಯಾರ್ಥಿಗಳಿಗೆ ಇಷ್ಟದ ಎರಡು ಹಾಡು ನೆನಪಿನಿಂದ ಹಾಡಿಸಿದಾಗ, ಸುಮಾರು 40% ಮಂದಿ ಒಂದರಲ್ಲಾದರೂ ಮೂಲ ಮುದ್ರಣದ ಶ್ರುತಿಯನ್ನೇ ಹಿಡಿದರು. ಸಾವಿರ ಸಲ ರೇಡಿಯೊದಲ್ಲಿ ಕೇಳಿದ್ದು ಹಾಗೇ ಅಚ್ಚಾಗಿರುತ್ತದೆ. ಗೆಲ್ಲುವವರು ಜಾಸ್ತಿ ಕೇಳಿದವರು, ಅಷ್ಟೇ.

ಇನ್ನು ಆಟ ನಡೆಸುವವರಿಗೆ ಒಂದು ಮಾತು. ಕಷ್ಟ ಮಾಡಬೇಕು ಅಂತ ಚೂರನ್ನು ಇನ್ನೂ ಚಿಕ್ಕದು ಮಾಡುತ್ತಾ ಹೋಗಬೇಡಿ. ಹಿಂದುಮುಂದು ಮಾಡಿ ಕೇಳಿಸಿ, ಇಲ್ಲವೇ ಸ್ಪೀಕರ್ ಮೇಲೆ ದಪ್ಪ ದಿಂಬು ಇಡಿ. ದಿಂಬು ಮೇಲಿನ ಕಂಪನಗಳನ್ನೇ ಮೊದಲು ನುಂಗುತ್ತದೆ.