ಹಾಲ್‌ನ ಗೋಡೆಗೊಂದು ದೊಡ್ಡ ಚಿತ್ರ: ಅಳತೆ, ಎತ್ತರ, ಬೆಳಕು, ಮೊಳೆ

ಹಳೆಯ ಮನೆಗಳ ಜಗಲಿಯಲ್ಲಿ ಫೋಟೊಗಳನ್ನು ಬಾಗಿಲ ಮೇಲ್ಗಡೆ, ಮಾಡಿಗೆ ಹತ್ತಿರ, ಮುಂದಕ್ಕೆ ಬಾಗಿಸಿ ತೂಗುಹಾಕುತ್ತಿದ್ದರು. ಚಾಪೆಯ ಮೇಲೆ ಕೂತವರು ತಲೆಯೆತ್ತಿದರೆ ಅಜ್ಜನ ಮುಖ ನೇರವಾಗಿ ಕಾಣುತ್ತಿತ್ತು. ಗಾಜಿನ ಮೇಲೆ ಬಾಗಿಲ ಬೆಳಕು ಹೊಳೆದು ಕಣ್ಣಿಗೆ ಹೊಡೆಯುತ್ತಿರಲಿಲ್ಲ, ಕಟ್ಟಿನ ಹಿಂದೆ ಗಾಳಿಯೂ ಆಡುತ್ತಿತ್ತು. ಇವತ್ತಿನ ಫ್ಲ್ಯಾಟುಗಳಲ್ಲಿ ಆ ಬಾಗು ಹೋಗಿದೆ, ಎತ್ತರ ಮಾತ್ರ ಉಳಿದಿದೆ. ಒಳಾಂಗಣ ವಿನ್ಯಾಸದ ಕೆಲಸಕ್ಕೆಂದು ನಾನು ಹೋಗುವ ಎಷ್ಟೋ ಮನೆಗಳಲ್ಲಿ ಸೋಫಾದ ಮೇಲೆ ಎರಡಡಿ ಖಾಲಿ ಗೋಡೆ, ಅದರ ಮೇಲೆ ಒಂದೂವರೆ ಅಡಿಯ ಒಂದು ಚಿತ್ರ. ಒಳ್ಳೆಯ ಕಲಾವಿದರ ಕೆಲಸವೇ ಆಗಿರುತ್ತದೆ, ಆದರೆ ಮನೆಯವರೇ ಅದನ್ನು ನೋಡುವುದನ್ನು ಬಿಟ್ಟಿರುತ್ತಾರೆ.

ಮೊದಲು ಅಗಲದ ಲೆಕ್ಕ. ಮೂವರು ಕೂರುವ ಸೋಫಾ ಸಾಮಾನ್ಯವಾಗಿ 7 ಅಡಿ, ಅಂದರೆ 84 ಇಂಚು. ಅದರ ಮೇಲಿನ ಚಿತ್ರ ಸೋಫಾದ ಮೂರನೇ ಎರಡು ಭಾಗದಿಂದ ಮುಕ್ಕಾಲು ಭಾಗದವರೆಗೆ, ಅಂದರೆ 56ರಿಂದ 63 ಇಂಚು ಇದ್ದರೆ ಕಣ್ಣಿಗೆ ಒಪ್ಪುತ್ತದೆ. ಸರಿಸುಮಾರು ಐದು ಅಡಿ. ಈ ಅಂಕಿ ಕೇಳಿದ ಕೂಡಲೇ ಮನೆಯವರು ಗಾಬರಿಯಾಗುತ್ತಾರೆ: ‘ನಮ್ಮ ಹಾಲೇ ಚಿಕ್ಕದು, ಅಷ್ಟು ದೊಡ್ಡದು ಯಾಕೆ?’ ಚಿಕ್ಕ ಹಾಲ್‌ನಲ್ಲೇ ದೊಡ್ಡ ಚಿತ್ರ ಹೆಚ್ಚು ಕೆಲಸ ಮಾಡುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಆರು ಸಣ್ಣ ಕಟ್ಟುಗಳು ಗೋಡೆಯನ್ನು ಚೂರು ಚೂರು ಮಾಡುತ್ತವೆ. ಒಂದೇ ದೊಡ್ಡ ಚಿತ್ರ ಇದ್ದರೆ ಕಣ್ಣು ಅಲ್ಲಿ ಹೋಗಿ ನಿಲ್ಲುತ್ತದೆ, ಕೋಣೆಯ ಉಳಿದ ಗಲಾಟೆ ಹಿಂದೆ ಸರಿಯುತ್ತದೆ. ಎದುರು ಗೋಡೆಯಲ್ಲಿರುವ 55 ಇಂಚಿನ ಟಿವಿಯೇ 4 ಅಡಿ ಅಗಲ ಇರುತ್ತದೆ. ಅದಕ್ಕೆ ಅಷ್ಟು ಜಾಗ ಕೊಟ್ಟವರು ಚಿತ್ರಕ್ಕೆ ಕೊಡಲು ಯಾಕೆ ಹಿಂಜರಿಯಬೇಕು?

ನಂಬಿಕೆ ಬಾರದಿದ್ದರೆ ಹಳೆಯ ಪೇಪರುಗಳನ್ನು ಜೋಡಿಸಿ ಅಂಟಿಸಿ, ಬೇಕಾದ ಅಳತೆಗೆ ಕತ್ತರಿಸಿ, ಮಾಸ್ಕಿಂಗ್ ಟೇಪಿನಲ್ಲಿ ಗೋಡೆಗೆ ಹಚ್ಚಿ ಒಂದು ವಾರ ಬಿಡಿ. ಮೊದಲ ದಿನ ಅತಿಯಾಯಿತು ಅನ್ನಿಸಿದ್ದು ಮೂರ್ನಾಲ್ಕು ದಿನದಲ್ಲಿ ಹೊಂದಿಕೊಳ್ಳುತ್ತದೆ. ಹೊಂದಿಕೊಳ್ಳದಿದ್ದರೆ ಕತ್ತರಿ ಕೈಯಲ್ಲೇ ಇದೆ, ಎರಡೆರಡು ಇಂಚು ಕಡಿಮೆ ಮಾಡುತ್ತಾ ಬನ್ನಿ.

ಎತ್ತರಕ್ಕೆ ಗ್ಯಾಲರಿಗಳಲ್ಲಿ ಒಂದು ರೂಢಿಯಿದೆ: ಚಿತ್ರದ ನಡುಭಾಗ ನೆಲದಿಂದ 57ರಿಂದ 60 ಇಂಚು. ಅದು ನಿಂತು ನೋಡುವವರ ಲೆಕ್ಕ. ಮನೆಯಲ್ಲಿ ನಾವು ಕೂತು ನೋಡುತ್ತೇವೆ, ಹಾಗಾಗಿ ಸೋಫಾದ ಬೆನ್ನಿನಿಂದ ಚಿತ್ರದ ಕೆಳ ಅಂಚಿಗೆ 6ರಿಂದ 8 ಇಂಚು ಸಾಕು. ಸೋಫಾದ ಬೆನ್ನು 34 ಇಂಚು, ಮೇಲೆ 7 ಇಂಚು ಬಿಟ್ಟು 3 ಅಡಿ ಎತ್ತರದ ಚಿತ್ರ ಹಾಕಿದರೆ ಅದರ ನಡು 59 ಇಂಚಿಗೆ ಬರುತ್ತದೆ. ಎರಡೂ ಲೆಕ್ಕ ತಾಳೆಯಾಗುತ್ತವೆ.

ಯಾವ ಚಿತ್ರ ಎಂಬುದು ಮನೆಯವರ ಮನಸ್ಸಿಗೆ ಬಿಟ್ಟದ್ದು. ಆದರೂ ದೂರದ ವಿಚಾರ ಹೇಳಲೇಬೇಕು. ಮೈಸೂರು ಶೈಲಿಯ ಚಿತ್ರದ ಸೊಗಸೆಲ್ಲ ನವಿರು ರೇಖೆಯಲ್ಲಿ, ತೀರಾ ತೆಳುವಾದ ಉಬ್ಬುಗೆಲಸದ ಮೇಲೆ ಕೂರಿಸಿದ ಚಿನ್ನದ ರೇಕಿನಲ್ಲಿ ಇರುತ್ತದೆ. ತಂಜಾವೂರಿನದರಷ್ಟು ದಪ್ಪ ಉಬ್ಬು ಅದಕ್ಕಿಲ್ಲ. ರಾಮಪಟ್ಟಾಭಿಷೇಕದಂತಹ ತುಂಬು ಚಿತ್ರವನ್ನು ಹತ್ತಡಿ ದೂರದಿಂದ ನೋಡಿದರೆ ಮಿಂಚು ಮಾತ್ರ ಕಾಣುತ್ತದೆ, ಹನುಮಂತನ ಮುಖಭಾವ ಕಾಣುವುದಿಲ್ಲ. ಅದು ಮೂರು ಅಡಿ ಹತ್ತಿರ ನಿಂತು ನೋಡಬೇಕಾದ ಕೆಲಸ. ದೇವರಿಗೆ ಬೆನ್ನು ಹಾಕಿ ಕೂರುವುದೇ ಎಂದು ಮನೆಯ ಹಿರಿಯರು ಕೇಳುವುದೂ ನ್ಯಾಯವೇ. ಹಾಗಾಗಿ ಅಂತಹ ಚಿತ್ರಕ್ಕೆ ಪ್ರವೇಶದ ಗೋಡೆಯನ್ನೋ ದೇವರ ಮನೆಯ ಪಕ್ಕದ ಗೋಡೆಯನ್ನೋ ನಾನು ಸೂಚಿಸುತ್ತೇನೆ. ಕಟ್ಟು ಹಾಕಿಸುವಾಗ ಗಾಜು ಚಿನ್ನದ ಉಬ್ಬಿಗೆ ತಾಗದಂತೆ ನಡುವೆ ಪಟ್ಟಿ ಕೊಡಿಸಿ.

ಸೋಫಾದ ಮೇಲಿನ ಜಾಗಕ್ಕೆ ದೂರದಿಂದಲೇ ಓದಿಸಿಕೊಳ್ಳುವ ದೊಡ್ಡ ಆಕಾರಗಳು ಬೇಕು. ಹಸೆ ಚಿತ್ತಾರ ನೋಡಿ. ಸಾಗರ, ಸೊರಬದ ಕಡೆಯ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ, ಅಕ್ಕಿಹಿಟ್ಟಿನ ಬಿಳುಪಿನಲ್ಲಿ, ಪುಂಡಿ ನಾರಿನ ಕುಂಚದಿಂದ ಎಳೆಯುವ ರೇಖೆಗಳು ಅವು. ಗೋಡೆಯಲ್ಲೇ ಹುಟ್ಟಿದ ಕಲೆಯಾದ್ದರಿಂದ ಐದಡಿ, ಆರಡಿ ಅದಕ್ಕೆ ಸಹಜ ಅಳತೆ. ನವಲಗುಂದದ ಜಮಖಾನೆಯನ್ನೂ ಗೋಡೆಗೆ ಏರಿಸಬಹುದು. ಅದಕ್ಕೆ ಮೊಳೆ ಹೊಡೆಯಬಾರದು, ಹಿಂಬದಿಯಲ್ಲಿ ಮೇಲಂಚಿನುದ್ದಕ್ಕೂ ಬಟ್ಟೆಯ ಕೊಳವೆ ಹೊಲಿಸಿ, ಸರಳು ತೂರಿಸಿ ತೂಗಬೇಕು, ಆಗ ಭಾರ ಒಂದೇ ಸಮ ಹಂಚಿಕೆಯಾಗುತ್ತದೆ. ತೊಗಲುಗೊಂಬೆಯಾದರೆ ಹಿಂದಿನಿಂದ ಮಂದ ಬೆಳಕು ಬೇಕು, ಅದರ ಬಣ್ಣ ಬದುಕುವುದು ಬೆಳಕು ಹಾದುಹೋದಾಗ.

ಕಲಾವಿದರಿಂದಲೇ ಕೊಳ್ಳುವ ಆಸೆಯಿದ್ದರೆ, ಚಿತ್ರಕಲಾ ಪರಿಷತ್ತು 2003ರಿಂದ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ನಡೆಸುತ್ತಿರುವ ಚಿತ್ರಸಂತೆಗೆ ಜನವರಿಯಲ್ಲಿ ಹೋಗಿ. ಹೋಗುವಾಗ ಗೋಡೆ, ಸೋಫಾ, ಲಿಫ್ಟ್ ಬಾಗಿಲಿನ ಅಳತೆ ನಿಮ್ಮ ಬಳಿ ಇರಲಿ. ಲಿಫ್ಟ್ ಬಾಗಿಲು ಸಾಮಾನ್ಯವಾಗಿ 2 ಮೀಟರಿನಷ್ಟೇ ಎತ್ತರ. ದೊಡ್ಡ ಕ್ಯಾನ್ವಾಸನ್ನು ಮರದ ಚೌಕಟ್ಟಿನಿಂದ ಬಿಡಿಸಿ, ಬಣ್ಣದ ಮುಖ ಹೊರಗೆ ಬರುವಂತೆ ದಪ್ಪ ಕೊಳವೆಗೆ ಸುತ್ತಿ ತಂದು ಮನೆಯಲ್ಲೇ ಮತ್ತೆ ಬಿಗಿಸಬಹುದು. ಬಣ್ಣ ಒಳಮುಖವಾಗಿ ಸುತ್ತಿದರೆ ಅದು ಒತ್ತಿಕೊಂಡು ನೆರಿಗೆಗಟ್ಟುತ್ತದೆ. ಬಣ್ಣ ಪೂರ್ತಿ ಒಣಗಿದೆಯೇ ಎಂದು ಕಲಾವಿದರನ್ನು ಕೇಳಿಯೇ ಸುತ್ತಬೇಕು.

ಪ್ರವಾಸದಲ್ಲಿ ತೆಗೆದ ಫೋಟೊವನ್ನು ಮುದ್ರಿಸಿ ಹಾಕುವವರು ಒಂದು ಗುಣಾಕಾರ ಮಾಡಬೇಕು. 60 ಇಂಚಿನ ಮುದ್ರಣ ಚೆನ್ನಾಗಿ ಬರಲು ಇಂಚಿಗೆ 150 ಪಿಕ್ಸೆಲ್‌ನಂತೆ 9000 ಪಿಕ್ಸೆಲ್ ಅಗಲ ಬೇಕು. 12 ಮೆಗಾಪಿಕ್ಸೆಲ್‌ನ ಮೊಬೈಲ್ ಚಿತ್ರದ ಅಗಲ ಸುಮಾರು 4000 ಪಿಕ್ಸೆಲ್. ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದಾದರೆ ಅದಕ್ಕಿಂತ ಎಷ್ಟೋ ಕಡಿಮೆ.

ಬೆಳಕು. ಕಾಗದ, ಬಟ್ಟೆಯ ಮೇಲಿನ ಕೆಲಸಕ್ಕೆ ಮ್ಯೂಸಿಯಂಗಳು 50 ಲಕ್ಸ್‌ನಷ್ಟು (ಲಕ್ಸ್ ಎಂದರೆ ಮೇಲೆ ಬೀಳುವ ಬೆಳಕಿನ ಅಳತೆ) ಮಂದ ಬೆಳಕನ್ನೂ, ತೈಲವರ್ಣಕ್ಕೆ 200 ಲಕ್ಸ್‌ನಷ್ಟನ್ನೂ ಇಟ್ಟುಕೊಳ್ಳುತ್ತವೆ. ಪಶ್ಚಿಮದ ಕಿಟಕಿಯಿಂದ ಸಂಜೆಯ ಬಿಸಿಲು ನೇರ ಬೀಳುವ ಗೋಡೆಗೆ ಜಲವರ್ಣ ಹಾಕಬೇಡಿ, ಕೆಲವೇ ಬೇಸಿಗೆಗಳಲ್ಲಿ ಬಣ್ಣ ಸೋತುಹೋಗುತ್ತದೆ, ಹೋದ ಬಣ್ಣ ಮರಳುವುದಿಲ್ಲ. ಚಿತ್ರದ ದೀಪ ಗೋಡೆಗೆ ಸುಮಾರು 30 ಡಿಗ್ರಿ ಕೋನದಲ್ಲಿ ಬೀಳಲಿ, ಬೆಚ್ಚನೆಯ ಬಿಳಿಯ, ಸಿಆರ್‌ಐ (ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಂಕ) 90ಕ್ಕಿಂತ ಹೆಚ್ಚಿರುವ ಎಲ್‌ಇಡಿ ಕೊಳ್ಳಿ. ಅಗ್ಗದ ಬಲ್ಬಿನಡಿ ಕೆಂಪು ಮಂಕಾಗುತ್ತದೆ, ಚಿತ್ತಾರದ ಕೆಮ್ಮಣ್ಣು ಬರೀ ಕಂದಾಗಿ ಕಾಣುತ್ತದೆ.

ಇನ್ನು ಭಾರ. ಇದನ್ನು ಯಾರೂ ಕೇಳುವುದಿಲ್ಲ, ನಾನು ಹೆಚ್ಚು ಹೊತ್ತು ಮಾತಾಡುವುದು ಇದರ ಬಗ್ಗೆಯೇ. 5 ಅಡಿಗೆ 4 ಅಡಿಯ ಕಟ್ಟಿಗೆ 4 ಮಿಲಿಮೀಟರ್ ಗಾಜು ಹಾಕಿಸಿದರೆ ಗಾಜೊಂದೇ 18 ಕಿಲೊ ದಾಟುತ್ತದೆ. ಅಷ್ಟೇ ದಪ್ಪದ ಅಕ್ರಿಲಿಕ್ ಹಾಳೆ 9 ಕಿಲೊದ ಒಳಗೆ. ಮಕ್ಕಳಿರುವ ಮನೆಯಲ್ಲಿ, ತಲೆಯ ಮೇಲ್ಗಡೆ, ಅಕ್ರಿಲಿಕ್ಕೇ ಸರಿ. ಇದ್ದಿಲು, ಪಾಸ್ಟೆಲ್ ಚಿತ್ರಗಳಿಗೆ ಮಾತ್ರ ಅದು ಬೇಡ, ಅದರ ಸ್ಥಾಯಿ ವಿದ್ಯುತ್ತು ಬಣ್ಣದ ಪುಡಿಯನ್ನು ಎಳೆದುಕೊಳ್ಳುತ್ತದೆ. ತೈಲವರ್ಣ, ಅಕ್ರಿಲಿಕ್ ಬಣ್ಣದ ಕ್ಯಾನ್ವಾಸಿಗೆ ಗಾಜಿನ ಅಗತ್ಯವೇ ಇಲ್ಲ.

ಗೋಡೆ ಯಾವುದರದ್ದು ಎಂದು ತಿಳಿಯದೆ ಡ್ರಿಲ್ ಮುಟ್ಟಬಾರದು. ಇಟ್ಟಿಗೆ, ಗಟ್ಟಿ ಕಾಂಕ್ರೀಟ್ ಗೋಡೆಗೆ ಒಳ್ಳೆಯ ನೈಲಾನ್ ಪ್ಲಗ್, ಸ್ಕ್ರೂ ಸಾಕು. ಟೊಳ್ಳು ಬ್ಲಾಕಿನಲ್ಲಿ ಅದೇ ಪ್ಲಗ್ ಗಾಳಿಯಲ್ಲಿ ತಿರುಗುತ್ತದೆ, ಒಳಗೆ ಹೋಗಿ ರೆಕ್ಕೆ ಬಿಚ್ಚಿ ಹಿಡಿಯುವ ಆ್ಯಂಕರ್ ಬೇಕು. ಒಳಗೆಲ್ಲ ಗಾಳಿಗುಳ್ಳೆಗಳಿರುವ ಹಗುರ ಕಾಂಕ್ರೀಟಿನ ಎಎಸಿ ಬ್ಲಾಕಿಗೆ ಅದರದೇ ಪ್ಲಗ್ ಸಿಗುತ್ತದೆ. ಮಲೆನಾಡಿನ ಮಣ್ಣಿನ ಗೋಡೆಗೆ ಭಾರದ ಚಿತ್ರವನ್ನು ನೆಚ್ಚಬೇಡಿ, ಮೇಲಿನ ತೊಲೆಗೆ ಕೊಕ್ಕೆ ಹಾಕಿ ಸರಿಗೆಯಲ್ಲಿ ಇಳಿಬಿಡಿ. ಸ್ವಿಚ್ ಬೋರ್ಡಿನ ನೇರ ಮೇಲೆ ವೈರಿನ ಪೈಪು ಹೋಗಿರುವ ಸಂಭವ ಹೆಚ್ಚು, ಆಚೆ ಬದಿಗೆ ಬಚ್ಚಲಿದ್ದರೆ ನೀರಿನ ಪೈಪು. ದೊಡ್ಡ ಚಿತ್ರವನ್ನು ಒಂದೇ ಮೊಳೆಗೆ ತೂಗಬೇಡಿ, ರಸಮಟ್ಟ ಇಟ್ಟು ನೋಡಿ ಎರಡು ಕಡೆ ಹಿಡಿತ ಕೊಡಿ. ಆಗ ಅದು ಓರೆಯೂ ಆಗುವುದಿಲ್ಲ.

ಕರಾವಳಿಯವರಿಗೆ ಬೂಷ್ಟಿನ ಕಾಟ ಬೇರೆ. ಮಳೆ ಬಡಿಯುವ ಹೊರಗೋಡೆಯನ್ನು ಬಿಟ್ಟು ಒಳಗೋಡೆಯನ್ನೇ ಆರಿಸಿ. ಕಟ್ಟಿನ ಕೆಳಗಿನ ಎರಡು ಮೂಲೆಗೆ ಬೆಂಡಿನ ಬಿಲ್ಲೆ ಅಂಟಿಸಿದರೆ ಹಿಂದೆ ಗಾಳಿಯಾಡುತ್ತದೆ. ಹಿಂಬದಿಗೆ ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಹಲಗೆ ಹಾಕಿದರೆ ತೇವ ಕುಡಿದು ಉಬ್ಬುತ್ತದೆ, ಪ್ಲಾಸ್ಟಿಕ್ಕಿನ ಸುಕ್ಕುಹಾಳೆ ಮೇಲು. ಮಳೆಗಾಲ ಮುಗಿದು ದಸರೆಗೆ ಧೂಳು ಹೊಡೆಯುವಾಗ ಇಬ್ಬರು ಸೇರಿ ಚಿತ್ರವನ್ನು ಇಳಿಸಿ, ಬೆನ್ನು ನೋಡಿ, ಸರಿಗೆ ತುಕ್ಕು ಹಿಡಿದಿದ್ದರೆ ಬದಲಿಸಿ, ಸ್ಕ್ರೂ ಸಡಿಲಾಗಿದ್ದರೆ ಬಿಗಿ ಮಾಡಿ.