ಎದುರುಬದುರು ನಿಂತ ಕಂಬಗಳು

ಬೆಂಗಳೂರಿನ ಅಂಬೇಡ್ಕರ್ ವೀಧಿಯ ಒಂದು ಬದಿಗೆ ವಿಧಾನಸೌಧ, ಇನ್ನೊಂದು ಬದಿಗೆ ಹೈಕೋರ್ಟಿನ ಕೆಂಪು ಕಟ್ಟಡ. ಹಳಬರ ಬಾಯಲ್ಲಿ ಅದು ಇವತ್ತಿಗೂ ಅಠಾರಾ ಕಚೇರಿ. ಅಲ್ಲಿನ ಕಂಬಗಳ ತಲೆಯನ್ನು ಒಮ್ಮೆ ನಿಂತು ನೋಡಬೇಕು. ಬೋದಿಗೆಯ ಎರಡೂ ಕಡೆ ಟಗರಿನ ಕೊಂಬಿನಂತೆ ಒಳಕ್ಕೆ ಸುತ್ತಿಕೊಂಡ ಸುರುಳಿಗಳಿವೆ. ಆ ಸುರುಳಿ ಹುಟ್ಟಿದ್ದು ಎರಡೂವರೆ ಸಾವಿರ ವರ್ಷಕ್ಕೂ ಹಿಂದೆ, ಈಜಿಯನ್ ಕಡಲ ಸೀಮೆಯಲ್ಲಿ. ಅಯೋನಿಯಾ ಎಂಬ ನಾಡಿನಿಂದ ಅದಕ್ಕೆ ಅಯೋನಿಕ್ ಎಂಬ ಹೆಸರು ಬಂತು. ಗ್ರೀಕರ ಗುಡಿಯ ಕಂಬ ನಮ್ಮ ನ್ಯಾಯಾಲಯದ ಮುಂದೆ ಬಂದು ನಿಂತಿರುವುದರ ಹಿಂದೆ ದೊಡ್ಡ ಕಥೆಯಿದೆ.

ಗ್ರೀಕರ ಗುಡಿಗಳು ಮೊದಲು ಮರದವು. ಕಂಬ, ತೊಲೆ, ಸೂರು ಎಲ್ಲವೂ ಮರ. ಕಲ್ಲು ಬಂದದ್ದು ಆಮೇಲೆ. ಒಲಿಂಪಿಯಾದ ಹೇರಾ ದೇವಿಯ ಗುಡಿಯಲ್ಲಿ ಕ್ರಿ.ಶ. 2ನೇ ಶತಮಾನದಲ್ಲೂ ಒಂದು ಓಕ್ ಮರದ ಕಂಬ ಉಳಿದಿತ್ತೆಂದು ಪೌಸೇನಿಯಸ್ ಎಂಬ ಪ್ರವಾಸಿ ಬರೆದಿಟ್ಟಿದ್ದಾನೆ. ಅಥೆನ್ಸಿನ ಪಾರ್ಥೆನಾನ್ ಕಟ್ಟುವ ಹೊತ್ತಿಗೆ, ಅಂದರೆ ಕ್ರಿ.ಪೂ. 447ರಿಂದ 432ರ ನಡುವೆ, ಕಲ್ಲುಕುಟಿಗರ ಕೈ ಪೂರ್ತಿ ಪಳಗಿತ್ತು. ಅಲ್ಲಿನ ಕಂಬಗಳು ಕೋಲು ನಿಲ್ಲಿಸಿದಷ್ಟು ನೆಟ್ಟಗಿಲ್ಲ. ಮೈ ತುಸು ಉಬ್ಬಿದೆ, ಒಟ್ಟು ನಿಲುವು ಕೂದಲೆಳೆಯಷ್ಟು ಒಳಕ್ಕೆ ವಾಲಿದೆ. ಮೂಟೆ ಹೊತ್ತು ನಿಂತವನ ಮೈಯಲ್ಲಿ ಕಾಣುವ ಬಿಗಿ ಆ ಅಮೃತಶಿಲೆಯಲ್ಲಿದೆ.

ರೋಮನ್ನರು ಆ ಭಾರವನ್ನು ಕಂಬದಿಂದ ಇಳಿಸಿದರು. ಅವರ ಬಲವಿದ್ದದ್ದು ಕಮಾನಿನಲ್ಲಿ ಮತ್ತು ಗಾರೆಯಲ್ಲಿ. ಸುಣ್ಣಕ್ಕೆ ಜ್ವಾಲಾಮುಖಿಯ ಬೂದಿ ಬೆರೆಸಿ ಕಾಂಕ್ರೀಟ್ ಮಾಡಿದರು. ರೋಮಿನ ಪ್ಯಾಂಥಿಯನ್ ಎಂಬ ಗುಡಿಯ ಗುಮ್ಮಟ 43 ಮೀಟರ್ ಅಗಲವಿದೆ, ಒಳಗೆ ಒಂದೇ ಒಂದು ಕಬ್ಬಿಣದ ಸರಳಿಲ್ಲ, ಸುಮಾರು 1,900 ವರ್ಷಗಳಿಂದ ನಿಂತಿದೆ. ಕಮಾನು ಇಷ್ಟು ಹೊರುವಾಗ ಕಂಬವನ್ನು ಕೈಬಿಡಬಹುದಿತ್ತು. ಅವರು ಬಿಡಲಿಲ್ಲ. ಕ್ರಿ.ಶ. 80ರಲ್ಲಿ ತೆರೆದ ಕೊಲೋಸಿಯಂನ ಹೊರಗೋಡೆಯಲ್ಲಿ ಕಮಾನುಗಳ ನಡುನಡುವೆ ಅರ್ಧಗಂಬಗಳು ಅಂಟಿಕೊಂಡಿವೆ. ಎರಡನೇ ಅಂತಸ್ತಿನಲ್ಲಿ ಅಯೋನಿಕ್, ಮೂರನೆಯದರಲ್ಲಿ ಎಲೆಗಳ ಬೋದಿಗೆಯ ಕೊರಿಂಥಿಯನ್. ಭಾರವೆಲ್ಲ ಕಮಾನಿನ ಮೇಲೆ. ಕಂಬ ಬಹುಮಟ್ಟಿಗೆ ನೋಟಕ್ಕೆ. ಕಂಬ ಅಧಿಕಾರದ ಗುರುತಾಗಿದ್ದು ಇಲ್ಲಿಂದಲೇ ಎಂದು ನನಗನ್ನಿಸುತ್ತದೆ.

ಮುಂದೆ ಇಟಲಿಯ ವಾಸ್ತುಶಿಲ್ಪಿ ಪಲ್ಲಾಡಿಯೊ 1570ರಲ್ಲಿ ರೋಮನ್ ಕಟ್ಟಡಗಳ ಅಳತೆಗಳನ್ನು ಚಿತ್ರಸಹಿತ ಅಚ್ಚುಹಾಕಿಸಿದ. ಅಥೆನ್ಸಿನ ಕಟ್ಟಡಗಳನ್ನು ಅಳೆದು ಬರೆದ ನಕ್ಷೆಗಳು 1762ರಲ್ಲಿ ಲಂಡನ್ನಿನಲ್ಲಿ ಹೊರಬರತೊಡಗಿದವು. ಅಳತೆ ಕೈಗೆ ಸಿಕ್ಕಮೇಲೆ ಯಾವ ಊರಿನಲ್ಲಾದರೂ ಗ್ರೀಕ್ ಗುಡಿ ಕಟ್ಟಬಹುದು! ವಾಷಿಂಗ್ಟನ್ನಿನ ಕ್ಯಾಪಿಟಲ್ ಎಂಬ ಸಂಸತ್ ಭವನ, 44 ಅಯೋನಿಕ್ ಕಂಬಗಳ ಬ್ರಿಟಿಷ್ ಮ್ಯೂಸಿಯಂ, ಊರೂರಿನ ಬ್ಯಾಂಕು, ಕೋರ್ಟುಗಳೆಲ್ಲ ಈ ಸಾಲಿನವು.

ಈಸ್ಟ್ ಇಂಡಿಯಾ ಕಂಪನಿ ಇದೇ ನಕ್ಷೆಗಳನ್ನು ಹಡಗು ಹತ್ತಿಸಿತು. ಕಲ್ಕತ್ತೆಯ ಗವರ್ನರ್ ಜನರಲ್ ಬಂಗಲೆ 1803ಕ್ಕೆ ಮುಗಿಯಿತು. ಅದಕ್ಕೆ ಮಾದರಿ ಇಂಗ್ಲೆಂಡಿನ ಕೆಡಲ್‌ಸ್ಟನ್ ಹಾಲ್ ಎಂಬ ಶ್ರೀಮಂತರ ಮನೆ. ಮುಂಬಯಿಯ ಟೌನ್ ಹಾಲ್ 1833ರದು. ಇಲ್ಲಿ ಬಹಳ ಕಡೆ ಅಮೃತಶಿಲೆಯ ಜಾಗಕ್ಕೆ ಬಂದದ್ದು ಇಟ್ಟಿಗೆ ಮತ್ತು ಸುಣ್ಣ. ಮದರಾಸಿನ ಗಾರೆ ಕೆಲಸದವರು ಚಿಪ್ಪಿನ ಸುಣ್ಣವನ್ನು ನುಣ್ಣಗೆ ಅರೆದು, ಬಳಿದು, ಉಜ್ಜಿ ಉಜ್ಜಿ ಅಮೃತಶಿಲೆಯ ಹೊಳಪು ತರುತ್ತಿದ್ದರು. ಈ ಕಥೆಯಲ್ಲಿ ಅವರ ಹೆಸರು ಎಲ್ಲೂ ಬರುವುದಿಲ್ಲ ಎಂಬುದು ನನಗೆ ನೋವಿನ ಸಂಗತಿ.

ಮೈಸೂರು ಸೀಮೆ ಆಗ ಬ್ರಿಟಿಷ್ ಕಮಿಷನರ್ ಆಡಳಿತದಲ್ಲಿತ್ತು. ಕೋಟೆಯೊಳಗಿನ ಟಿಪ್ಪುವಿನ ಅರಮನೆಯಲ್ಲಿ ಇಕ್ಕಟ್ಟಾಗಿ ನಡೆಯುತ್ತಿದ್ದ ಹದಿನೆಂಟು ಇಲಾಖೆಗಳಿಗಾಗಿ 1864ರಲ್ಲಿ ಹೊಸ ಕಟ್ಟಡದ ಕೆಲಸ ಶುರುವಾಗಿ 1868ಕ್ಕೆ ಮುಗಿಯಿತು. ಹದಿನೆಂಟು ಕಚೇರಿಯೇ ಅಠಾರಾ ಕಚೇರಿಯಾಯಿತು.

ಅದರೆದುರು 1951ರ ಜುಲೈನಲ್ಲಿ ನೆಹರೂ ವಿಧಾನಸೌಧಕ್ಕೆ ಅಡಿಗಲ್ಲಿಟ್ಟರು. ಮರುವರ್ಷ ಮುಖ್ಯಮಂತ್ರಿಯಾದ ಕೆಂಗಲ್ ಹನುಮಂತಯ್ಯನವರು ನಕ್ಷೆಯನ್ನೇ ಬದಲಿಸಿದರು. ನಿಮ್ಮೂರಲ್ಲಿ ಇರುವುದೆಲ್ಲ ಯುರೋಪಿನ ಕಟ್ಟಡಗಳೇ ಎಂದು ರಷ್ಯಾದಿಂದ ಬಂದ ನಿಯೋಗವೊಂದು ಆಡಿದ ಮಾತು ಅವರನ್ನು ಚುಚ್ಚಿತ್ತಂತೆ. ಬಿ. ಆರ್. ಮಾಣಿಕ್ಯಂ ಅವರ ಮೇಲ್ವಿಚಾರಣೆಯಲ್ಲಿ 1956ಕ್ಕೆ ಗ್ರಾನೈಟಿನ ಸೌಧ ಎದ್ದಿತು. ಬೋದಿಗೆ, ಕಪೋತವೆಂಬ ಮುಂಚಾಚಿದ ಸೂರಂಚು, ಗೋಪುರ ಎಲ್ಲವೂ ದ್ರಾವಿಡ ಮನೆತನದವು. ಆದರೆ ದೂರ ನಿಂತು ಒಟ್ಟಾರೆ ನೋಡಿದರೆ ಅಗಲವಾದ ಮೆಟ್ಟಿಲಸಾಲು, ಅದರ ಮೇಲೆ 40 ಅಡಿಯ ಹನ್ನೆರಡು ಕಂಬ, ನಡುವೆ ಗುಮ್ಮಟ. ಕ್ಯಾಪಿಟಲ್‌ನ ಜೋಡಣೆಯೂ ಇದೇ. ಯುರೋಪಿಗೆ ಕೊಟ್ಟ ಉತ್ತರದ ಒಳಹಂದರ ಯುರೋಪಿನದೇ ಆಗಿತ್ತು. ಇದರಿಂದ ಸೌಧದ ಹಿರಿಮೆ ನನ್ನ ಕಣ್ಣಿಗೆ ಒಂದಿಷ್ಟೂ ಕಡಿಮೆಯಾಗಿಲ್ಲ. ಆ ಕಲ್ಲುಗಳನ್ನು ಕೆತ್ತಿದವರು ನಮ್ಮ ಶಿಲ್ಪಿಗಳು.

ಎದುರಿನ ಕೆಂಪು ಕಟ್ಟಡಕ್ಕೆ ಕುತ್ತು ಬಂದದ್ದು 1982ರಲ್ಲಿ. ಅದನ್ನು ಕೆಡವುವ ಪ್ರಸ್ತಾಪ ಎದ್ದಾಗ ಊರಿನ ಜನ ಪ್ರತಿಭಟಿಸಿದರು, ಸಾರ್ವಜನಿಕ ಹಿತಾಸಕ್ತಿ ಅರ್ಜಿಯೂ ದಾಖಲಾಯಿತು. ಅದರ ವಿಚಾರಣೆ ನಡೆದದ್ದು ಅದೇ ಕಟ್ಟಡದೊಳಗೆ, ಅದೇ ಕಂಬಗಳ ಹಿಂದೆ.