ಶ್ವಾಸಕೋಶದ ಕಾಯಿಲೆ ಇದೆ, ಆದರೂ ಔಷಧ ಪ್ರಯೋಗಕ್ಕೆ ನಾನು ಏಕೆ ಅರ್ಹಳಲ್ಲ?

ಪ್ರಶ್ನೆ: ನನಗೆ ಬ್ರಾಂಕಿಯೆಕ್ಟಾಸಿಸ್ ಇದೆ. ದಿನವೂ ಕಫ, ವರ್ಷದಲ್ಲಿ ಹಲವು ಸಲ ಸೋಂಕು. ಬೀಡಿ ಸಿಗರೇಟು ಮುಟ್ಟಿದವಳಲ್ಲ. ಹೊಸ ಔಷಧದ ಪ್ರಯೋಗಕ್ಕೆ ವಿಚಾರಿಸಿದಾಗಲೆಲ್ಲ ‘ನೀವು ಅರ್ಹರಲ್ಲ’ ಎನ್ನುತ್ತಾರೆ. ಕಾಯಿಲೆ ಇರುವವರನ್ನೇ ಬಿಟ್ಟರೆ ಸಂಶೋಧನೆ ಯಾರ ಮೇಲೆ ನಡೆಯುತ್ತದೆ?

ಉತ್ತರ: ಕಾಯಿಲೆ ಇರುವವರ ಮೇಲೆಯೇ ನಡೆಯುತ್ತದೆ, ಆದರೆ ಅವರಲ್ಲಿ ತೀರಾ ಸಣ್ಣದೊಂದು ಪಾಲಿನ ಮೇಲೆ. ಎಷ್ಟು ಸಣ್ಣದು ಎಂಬುದಕ್ಕೆ 2007ರಲ್ಲಿ ಪ್ರಕಟವಾದ ನ್ಯೂಜಿಲೆಂಡಿನ ಅಧ್ಯಯನವೊಂದನ್ನು ನೋಡಬಹುದು. ಅಸ್ತಮಾ ಚಿಕಿತ್ಸೆಯ ಮಾರ್ಗಸೂಚಿಗೆ ಆಧಾರವಾದ ದೊಡ್ಡ ಪ್ರಯೋಗಗಳ ಪ್ರವೇಶ ನಿಯಮಗಳನ್ನು ತೆಗೆದುಕೊಂಡು, ಊರಿನ ಸಾಮಾನ್ಯ ಅಸ್ತಮಾ ರೋಗಿಗಳಿಗೆ ಹಚ್ಚಿ ನೋಡಿದರು. ಒಂದೊಂದು ಪ್ರಯೋಗಕ್ಕೂ ಹೊಂದುತ್ತಿದ್ದವರು ಹೆಚ್ಚುಕಡಿಮೆ ನೂರಕ್ಕೆ ನಾಲ್ವರು. ಎಲ್ಲರಿಗೂ ಗೊತ್ತಿರುವ ಅಸ್ತಮಾದ ಸ್ಥಿತಿಯೇ ಇದು. ವೈದ್ಯರ ಗಮನಕ್ಕೂ ಸುಲಭವಾಗಿ ಬಾರದ ಕಾಯಿಲೆಗಳಲ್ಲಿ ತೊಡಕು ಇನ್ನೂ ಮೊದಲೇ ಶುರುವಾಗುತ್ತದೆ.

ಮೊದಲ ತೊಡಕು ದಾಖಲೆಯಲ್ಲಿರುವ ಹೆಸರು. ಬ್ರಾಂಕಿಯೆಕ್ಟಾಸಿಸ್ ಎಂದರೆ ಶ್ವಾಸನಾಳಗಳು ಶಾಶ್ವತವಾಗಿ ಹಿಗ್ಗಿ, ಕಫ ಅಲ್ಲೇ ನಿಂತು, ಸೋಂಕು ಮರುಕಳಿಸುತ್ತಾ ಇರುವುದು. ಇದನ್ನು ಖಚಿತವಾಗಿ ತೋರಿಸುವುದು ಎದೆಯ ಹೈ ರೆಸಲ್ಯೂಷನ್ ಸಿಟಿ ಸ್ಕ್ಯಾನ್. ಎಕ್ಸ್‌ರೇಯಲ್ಲಿ ಆರಂಭದ ಹಿಗ್ಗುವಿಕೆ ಎಷ್ಟೋ ಸಲ ಕಾಣುವುದೇ ಇಲ್ಲ. ಸಿಟಿ ಆಗದ ರೋಗಿಗೆ ವರ್ಷಗಟ್ಟಲೆ ‘ಅಸ್ತಮಾ’ ಅಥವಾ ‘ಸಿಒಪಿಡಿ’ (ಶ್ವಾಸನಾಳ ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಕಾಯಿಲೆ) ಎಂಬ ಹೆಸರೇ ಅಂಟಿಕೊಂಡಿರುತ್ತದೆ. ಪ್ರಯೋಗದ ತಂಡ ರೋಗಿಗಳನ್ನು ಹುಡುಕುವುದು ಹೆಚ್ಚಾಗಿ ಆಸ್ಪತ್ರೆಯ ಕಡತದಲ್ಲಿರುವ ರೋಗಸಂಕೇತದಿಂದ. ರೋಗಗಳ ಅಂತರರಾಷ್ಟ್ರೀಯ ಸಂಕೇತಪಟ್ಟಿಯಾದ ಐಸಿಡಿ-10ರಲ್ಲಿ ಬ್ರಾಂಕಿಯೆಕ್ಟಾಸಿಸ್‌ನ ಸಂಕೇತ ಜೆ47, ಅಸ್ತಮಾದ್ದು ಜೆ45, ಸಿಒಪಿಡಿಯದ್ದು ಜೆ44. ನಿಮ್ಮ ಕಡತದಲ್ಲಿ ಜೆ45 ಎಂದಿದ್ದರೆ ಆ ಹುಡುಕಾಟದಲ್ಲಿ ನಿಮ್ಮ ಹೆಸರು ಬರುವುದೇ ಇಲ್ಲ. ಹಾಗಾಗಿ ಸಿಟಿ ವರದಿಯಲ್ಲಿ ಬರೆದಿರುವ ರೋಗನಿರ್ಣಯ ಮುಖ್ಯ ಕಡತಕ್ಕೂ ಸೇರಿದೆಯೇ ಎಂದು ವೈದ್ಯರನ್ನು ಕೇಳಿ ನೋಡಿಕೊಳ್ಳಿ.

ಎರಡನೆಯದು ಧೂಮಪಾನದ ಷರತ್ತು. ಸಿಒಪಿಡಿ ಪ್ರಯೋಗಗಳಲ್ಲಿ ಬಹುಪಾಲು ಕನಿಷ್ಠ 10 ಪ್ಯಾಕ್-ಇಯರ್ ಧೂಮಪಾನದ ಇತಿಹಾಸ ಕೇಳುತ್ತವೆ. ದಿನಕ್ಕೆ 20 ಸಿಗರೇಟಿನಂತೆ ಒಂದು ವರ್ಷ ಸೇದಿದರೆ ಒಂದು ಪ್ಯಾಕ್-ಇಯರ್. ಅಸ್ತಮಾ ರೋಗಿಗಳು ಒಳಗೆ ಬೆರೆತುಹೋಗದಿರಲಿ ಎಂಬುದು ಇದರ ಉದ್ದೇಶ. ಆದರೆ ಕಟ್ಟಿಗೆ, ಬೆರಣಿಯ ಹೊಗೆಯಲ್ಲಿ ಅಡುಗೆ ಮಾಡಿದವರು, ದೂಳಿನಲ್ಲಿ ದುಡಿದವರು, ಕ್ಷಯ ವಾಸಿಯಾದ ಮೇಲೂ ಶ್ವಾಸನಾಳ ಕಿರಿದಾಗಿಯೇ ಉಳಿದವರು ಎಲ್ಲರೂ ಈ ಒಂದೇ ಸಾಲಿನಿಂದ ಹೊರಬೀಳುತ್ತಾರೆ. ಸುರಕ್ಷತೆಗೂ ಇದಕ್ಕೂ ಸಂಬಂಧವಿಲ್ಲ. ಹಳೆಯ ಪ್ರಯೋಗದ ಷರತ್ತನ್ನು ಹೊಸ ಪ್ರಯೋಗ ನಕಲು ಮಾಡುತ್ತಾ ಬಂದಿದೆ, ಇದು ಬದಲಾಗಲೇಬೇಕು.

ಇದಕ್ಕಿಂತ ಕಠಿಣವಾದದ್ದು ಎರಡು ಕಾಯಿಲೆ ಒಟ್ಟಿಗೆ ಇರುವವರ ಪಾಡು. ಸಿಒಪಿಡಿ ಪ್ರಯೋಗಗಳು ಗಣನೀಯ ಬ್ರಾಂಕಿಯೆಕ್ಟಾಸಿಸ್ ಇದ್ದವರನ್ನು ಸಾಮಾನ್ಯವಾಗಿ ಬಿಡುತ್ತವೆ. ಬ್ರಾಂಕಿಯೆಕ್ಟಾಸಿಸ್ ಪ್ರಯೋಗಗಳು ಮುಖ್ಯ ಕಾಯಿಲೆ ಸಿಒಪಿಡಿ ಅಥವಾ ಅಸ್ತಮಾ ಆಗಿರುವವರನ್ನು ಬಿಡುತ್ತವೆ. ಎರಡೂ ಇರುವವರಿಗೆ ಎರಡೂ ಬಾಗಿಲು ಮುಚ್ಚಿರುತ್ತವೆ. ಇಂಥವರಲ್ಲೇ ಕಾಯಿಲೆ ಜೋರಾಗಿರುವುದು ಹೆಚ್ಚು. ‘ಮುಖ್ಯ ಕಾಯಿಲೆ ಯಾವುದು’ ಎಂಬುದನ್ನು ಪ್ರಯೋಗದ ವೈದ್ಯರೇ ತೀರ್ಮಾನಿಸುತ್ತಾರೆ. ಆದ್ದರಿಂದ ಮೊದಲ ಭೇಟಿಗೆ ಹೋಗುವಾಗ ವರದಿಯ ಕಾಗದವಷ್ಟೇ ಸಾಲದು, ಸಿಟಿಯ ಚಿತ್ರಗಳಿರುವ ಡಿಸ್ಕನ್ನೂ ಹಳೆಯ ಸ್ಪೈರೊಮೆಟ್ರಿ (ಊದಿಸಿ ಉಸಿರಿನ ಶಕ್ತಿ ಅಳೆಯುವ ಪರೀಕ್ಷೆ) ವರದಿಗಳನ್ನೂ ಒಯ್ಯಿರಿ.

ನಿಮ್ಮದೇ ಕಾಯಿಲೆಯ ಪ್ರಯೋಗದಲ್ಲೂ ಇನ್ನೊಂದು ಜರಡಿ ಇದೆ. ಬ್ರೆನ್ಸೊಕ್ಯಾಟಿಬ್ ಮಾತ್ರೆಯನ್ನು 1,700ಕ್ಕೂ ಹೆಚ್ಚು ಜನರಲ್ಲಿ 52 ವಾರ ಪರೀಕ್ಷಿಸಿದ ಆಸ್ಪೆನ್ ಪ್ರಯೋಗಕ್ಕೆ ಸೇರಲು, ವಯಸ್ಕರಿಗೆ ಹಿಂದಿನ 12 ತಿಂಗಳಲ್ಲಿ ಕನಿಷ್ಠ ಎರಡು ಬಾರಿ ಆಂಟಿಬಯೋಟಿಕ್ ಬೇಕಾಗುವಷ್ಟು ಉಲ್ಬಣ ಆಗಿರಬೇಕಿತ್ತು. ಔಷಧ ಉಲ್ಬಣಗಳನ್ನು ತಗ್ಗಿಸಿತೇ ಎಂದು ಅಳೆಯಬೇಕಾದರೆ ಎಣಿಸಲು ಉಲ್ಬಣಗಳು ಇರಲೇಬೇಕು, ಹಾಗಾಗಿ ಈ ಷರತ್ತಿಗೆ ಅರ್ಥವಿದೆ. ತಗ್ಗಿದ್ದು ಸುಮಾರು ಐದನೇ ಒಂದರಷ್ಟು. 2025ರ ಆಗಸ್ಟಿನಲ್ಲಿ ಅಮೆರಿಕದಲ್ಲಿ ಅನುಮತಿ ದೊರೆತು, ಸಿಸ್ಟಿಕ್ ಫೈಬ್ರೋಸಿಸ್‌ಗೆ (ಕಫ ಗಟ್ಟಿಯಾಗುವ ಆನುವಂಶಿಕ ಕಾಯಿಲೆ) ಸಂಬಂಧಿಸದ ಬ್ರಾಂಕಿಯೆಕ್ಟಾಸಿಸ್‌ಗೆಂದೇ ಅಲ್ಲಿ ಅನುಮತಿ ಪಡೆದ ಮೊದಲ ಔಷಧ ಇದಾಯಿತು. ಈ ಕಾಯಿಲೆಯನ್ನು ಫ್ರಾನ್ಸಿನ ವೈದ್ಯ ಲೆನೆಕ್ ವರ್ಣಿಸಿದ್ದು 1819ರಲ್ಲಿ!

ಜನ ಸೋಲುವುದು ಈ ‘ಎರಡು ಉಲ್ಬಣ’ದ ಲೆಕ್ಕದಲ್ಲಿ. 2017ರಲ್ಲಿ ತಜ್ಞರು ಒಪ್ಪಿದ ವ್ಯಾಖ್ಯೆ ಹೀಗಿದೆ: ಕೆಮ್ಮು, ಕಫದ ಪ್ರಮಾಣ ಅಥವಾ ಮಂದತೆ, ಕಫದ ಕೀವು ಬಣ್ಣ, ಏದುಸಿರು, ಸುಸ್ತು, ಕಫದಲ್ಲಿ ರಕ್ತ, ಇವುಗಳಲ್ಲಿ ಮೂರಾದರೂ ಕನಿಷ್ಠ 48 ಗಂಟೆ ಹದಗೆಟ್ಟಿರಬೇಕು ಮತ್ತು ಚಿಕಿತ್ಸೆ ಬದಲಿಸಬೇಕೆಂದು ವೈದ್ಯರು ನಿರ್ಧರಿಸಿರಬೇಕು. ಮನೆಯಲ್ಲಿದ್ದ ಆಂಟಿಬಯೋಟಿಕ್ ನುಂಗಿ ಸುಧಾರಿಸಿಕೊಂಡರೆ ಕಾಗದದಲ್ಲಿ ಅದು ನಡೆದೇ ಇಲ್ಲ. ವರ್ಷಕ್ಕೆ ನಾಲ್ಕು ಸಲ ಮಲಗಿದವರಿಗೂ ‘ಉಲ್ಬಣ: ಸೊನ್ನೆ’ ಎಂದು ದಾಖಲಾಗುವುದು ಹೀಗೆ. ಪ್ರತಿ ಸಲವೂ ಶುರುವಾದ ದಿನ, ಹದಗೆಟ್ಟ ಲಕ್ಷಣಗಳು, ಔಷಧದ ಹೆಸರು, ಎಷ್ಟು ದಿನ ತೆಗೆದುಕೊಂಡಿರಿ ಎಂದು ಬರೆದಿಡಿ. ಫೋನಿನಲ್ಲಿ ಸಲಹೆ ಪಡೆದಿದ್ದರೂ ಚೀಟಿ ಬರೆಸಿಕೊಳ್ಳಿ.

ಕೆಲವು ಕಾರಣಗಳು ತಾತ್ಕಾಲಿಕ. ಹಿಂದಿನ ನಾಲ್ಕು ವಾರದೊಳಗೆ ಆಂಟಿಬಯೋಟಿಕ್ ತೆಗೆದುಕೊಂಡವರನ್ನು ಅನೇಕ ಪ್ರಯೋಗಗಳು ತಡೆಯುತ್ತವೆ, ಅವಧಿ ಮುಗಿದ ಮೇಲೆ ಮತ್ತೆ ಪರೀಕ್ಷಿಸುತ್ತವೆ. ಇನ್ಹೇಲರ್ ಎಳೆದು ಬಂದ ಕಾರಣಕ್ಕೇ ಸ್ಪೈರೊಮೆಟ್ರಿ ಕೆಡುವುದೂ ಉಂಟು. ಔಷಧಕ್ಕೆ ಮೊದಲಿನ ಅಳತೆ ಸರಿಯಾಗಿ ಸಿಗಬೇಕಾದರೆ ಸಾಲ್ಬುಟಮಾಲ್ 4ರಿಂದ 6 ಗಂಟೆ, ದಿನಕ್ಕೆರಡು ಸಲದ ಫಾರ್ಮೊಟೆರಾಲ್ ಅಥವಾ ಸಾಲ್ಮೆಟೆರಾಲ್ 24 ಗಂಟೆ, ಟಿಯೊಟ್ರೋಪಿಯಂ 36ರಿಂದ 48 ಗಂಟೆ ತಡೆಹಿಡಿಯಬೇಕಾಗುತ್ತದೆ. ಆದರೆ ಪ್ರಯೋಗದ ತಂಡ ಹೇಳದೆ ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ. ಸಕ್ರಿಯ ಕ್ಷಯ, ಇತ್ತೀಚೆಗೆ ಹೆಚ್ಚು ರಕ್ತ ಕಾರಿದ್ದು, ತೀವ್ರ ಯಕೃತ್ತಿನ ಕಾಯಿಲೆ ಇಂಥ ಕಾರಣಕ್ಕೆ ಬಿಟ್ಟರೆ ಅದು ನಿಮ್ಮ ಜೀವದ ರಕ್ಷಣೆಗಾಗಿಯೇ, ಅಲ್ಲಿ ವಾದ ಬೇಡ.

ಇಷ್ಟಕ್ಕೂ ಹೊರಗುಳಿದರೆ ಆಗುವ ನಷ್ಟವೇನು? ಡಾರ್ನೇಸ್ ಆಲ್ಫಾ ಎಂಬ ಔಷಧ ಸಿಸ್ಟಿಕ್ ಫೈಬ್ರೋಸಿಸ್‌ನಲ್ಲಿ ಕಫ ತೆಳುವಾಗಿಸಿ ಒಳ್ಳೆಯದು ಮಾಡುತ್ತದೆ. ಬ್ರಾಂಕಿಯೆಕ್ಟಾಸಿಸ್‌ಗೂ ಅದೇ ಸಾಕೆಂದು ಅನಿಸುವುದು ಸಹಜ. 1998ರಲ್ಲಿ 349 ಜನರಲ್ಲಿ 24 ವಾರ ಪರೀಕ್ಷಿಸಿದಾಗ ಫಲಿತಾಂಶ ತಿರುಗುಮುರುಗು: ಔಷಧ ಪಡೆದವರಲ್ಲೇ ಉಲ್ಬಣ ಹೆಚ್ಚಾಗಿ, ಶ್ವಾಸಕೋಶದ ಶಕ್ತಿ ಬೇಗ ಕುಸಿಯಿತು. ಈ ರೋಗಿಗಳನ್ನೇ ಸೇರಿಸಿ ನೋಡದಿದ್ದರೆ ಆ ಹಾನಿ ಗೊತ್ತಾಗುತ್ತಲೇ ಇರಲಿಲ್ಲ. ಕ್ಷಯದ ನಂತರ ಬಂದ ಬ್ರಾಂಕಿಯೆಕ್ಟಾಸಿಸ್ ವಿಷಯದಲ್ಲಿ ನಾವು ಇಂದಿಗೂ ಬೇರೆಯವರ ಫಲಿತಾಂಶವನ್ನೇ ಎರವಲು ಪಡೆಯುತ್ತಿದ್ದೇವೆ.

ಮುಂದಿನ ಸಲ ‘ಅರ್ಹರಲ್ಲ’ ಎಂದಾಗ ಯಾವ ನಿಯಮದ ಯಾವ ಅಂಶದಿಂದ ಎಂದು ಕೇಳಿ, ಬರಹದಲ್ಲಿ ಪಡೆಯಿರಿ. ಅದು ತಾತ್ಕಾಲಿಕವೇ, ಮರುಪರೀಕ್ಷೆಗೆ ಅವಕಾಶವಿದೆಯೇ, ಯಾವಾಗ ಎಂಬುದನ್ನೂ ಕೇಳಿ. ಷರತ್ತು ಅನ್ಯಾಯದ್ದೆನಿಸಿದರೆ ಪ್ರಯೋಗಕ್ಕೆ ಒಪ್ಪಿಗೆ ಕೊಟ್ಟ ನೈತಿಕ ಸಮಿತಿಗೆ ಬರೆಯಬಹುದು. ಸಂಶೋಧನೆಯಲ್ಲಿ ಕಡಿಮೆ ಪ್ರಾತಿನಿಧ್ಯವಿರುವ ಗುಂಪುಗಳಿಗೆ ಸೂಕ್ತ ಪ್ರವೇಶ ಸಿಗಬೇಕೆಂದು ವೈದ್ಯಕೀಯ ಸಂಶೋಧನೆಯ ನೀತಿ ಕುರಿತ ಹೆಲ್ಸಿಂಕಿ ಘೋಷಣೆಯ 2013ರ ಪಠ್ಯ ನೇರವಾಗಿಯೇ ಹೇಳುತ್ತದೆ. ಬೇರೆ ಪ್ರಯೋಗಗಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಪ್ರಯೋಗ ನೋಂದಣಿ ಜಾಲದಲ್ಲಿ ಕಾಯಿಲೆಯ ಹೆಸರಿನಿಂದ ಹುಡುಕಬಹುದು. ಔಷಧ ಪ್ರಯೋಗ ಯಾವುದೂ ಹೊಂದದಿದ್ದರೂ ಬ್ರಾಂಕಿಯೆಕ್ಟಾಸಿಸ್‌ಗೆಂದೇ ಇರುವ ಎಂಬಾರ್ಕ್‌ನಂಥ ರೋಗಿ ನೋಂದಣಿಗಳ ಬಗ್ಗೆ ನಿಮ್ಮ ಆಸ್ಪತ್ರೆಯಲ್ಲಿ ವಿಚಾರಿಸಿ. ಅಲ್ಲಿ ಹೊಸ ಔಷಧ ಕೊಡುವುದಿಲ್ಲ, ಸಿಟಿ, ಕಫ ಪರೀಕ್ಷೆ, ಉಲ್ಬಣಗಳ ವಿವರವನ್ನು ವರ್ಷಕ್ಕೊಮ್ಮೆ ದಾಖಲಿಸುತ್ತಾರೆ. ಉಲ್ಬಣ ಕಡಿಮೆ ಇದ್ದವರನ್ನೂ ಜೊತೆಗೆ ಅಸ್ತಮಾ ಇದ್ದವರನ್ನೂ ಆ ಕಾರಣಕ್ಕೆ ಬಿಡುವುದಿಲ್ಲ.